ನಮ್ಮ ಧನಿಗಳ ರಿವೆಟ್ ಗನ್ನು

ಬಸ್ಸಿಗೆ ಬಾಡಿ ಕಟ್ಟುವವನು ನಗಲಿಕ್ಕೆ ನಾಟಕಕ್ಕೆ ಹೋಗಬೇಕಾಗಿಲ್ಲ. ಬೆಳಿಗ್ಗೆ ಶೆಡ್ಡಿನ ಬಾಗಿಲು ತೆಗೆದರೆ ಸಾಕು, ಒಂದಲ್ಲ ಒಂದು ಆಗಿಯೇ ಆಗ್ತದೆ.

ಅರುವತ್ತರ ದಶಕದಲ್ಲಿ ಬಿ.ಸಿ.ರೋಡಿನ ಒಂದು ಶೆಡ್ಡಿನಲ್ಲಿ ನಾನು ಮೇಸ್ತ್ರಿ. ಶೆಡ್ಡಿನ ಮಾಲಕರಾದ ಧನಿಗಳಿಗೆ ಮೊದಲು ಇದ್ದದ್ದು ಹೋಟೆಲು. ಕಬ್ಬಿಣದ ಬಗ್ಗೆ ಅವರಿಗೆ ಗೊತ್ತಿದ್ದದ್ದು ದೋಸೆ ಕಾವಲಿಯಷ್ಟು. ಆದರೆ ಆಸೆ ದೊಡ್ಡದು: ಮೂಡುಬಿದಿರೆಯಿಂದ ವೇಣೂರಿನ ದಾರಿಯಾಗಿ ಬೆಳ್ತಂಗಡಿಗೆ ತಮ್ಮದೇ ಒಂದು ಬಸ್ಸು ಓಡಬೇಕು. ಪರ್ಮಿಟ್ ಸಿಕ್ಕಿತ್ತು. ಹೇಳಿದ ದಿನದೊಳಗೆ ಬಾಡಿ ಮುಗಿಸಿ ಬಸ್ಸು ಪಾಸು ಮಾಡಿಸದಿದ್ದರೆ ಅದು ಸಾಲಿನಲ್ಲಿ ಹಿಂದೆ ನಿಂತವರ ಪಾಲು. ಹಿಂದೆ ನಿಂತವರು ಧನಿಗಳ ಸ್ವಂತ ಭಾವ!

ತೂಗಿ ತಂದದ್ದು

ಬಸ್ಸಿನ ಕಂಬ ಟೊಳ್ಳು. ಹಿಂದಿನಿಂದ ಕೈ ಹಾಕಿ ನಟ್ಟು ಹಿಡಿಯಲಿಕ್ಕೆ ಜಾಗ ಇಲ್ಲ. ಅಂಥ ಕಡೆಗೆ ಒಳಗೆ ತಿರುಪಿನ ಪಿರಿ ಕೊರೆದ ರಿವೆಟ್ಟೇ ಬೇಕು. ಅದನ್ನು ರಿವೆಟ್ ಗನ್ನಿನ ಮೂತಿಯ ಮೊಳೆಗೆ ತಿರುಗಿಸಿ, ತೂತಿಗೆ ತೂರಿಸಿ, ಎರಡು ಉದ್ದದ ಹಿಡಿಗಳನ್ನು ಒತ್ತಿದರೆ ರಿವೆಟ್ಟು ಹಿಂದೆ ಉಬ್ಬಿ ಕಚ್ಚಿ ಕೂರ್ತದೆ. ಮೊಳೆ ತಿರುಗಿಸಿ ಗನ್ನು ಬಿಡಿಸಿಕೊಂಡರೆ ಬೋಲ್ಟು ಹಾಕಲಿಕ್ಕೆ ತಯಾರು.

ಬೇಕಾದ ಗನ್ನಿನ ಅಳತೆಯನ್ನು ನಾನು ಚೀಟಿಯಲ್ಲಿ ಬರೆದು ಕೊಟ್ಟಿದ್ದೆ. ಮಂಗಳೂರಿನ ಅಂಗಡಿಯಲ್ಲಿ ಧನಿಗಳು ಆ ಚೀಟಿಯನ್ನು ಕಿಸೆಯಿಂದ ತೆಗೆಯಲೇ ಇಲ್ಲ. ಎರಡು ಕೈಯಲ್ಲಿ ಎರಡು ಗನ್ನು ಹಿಡಿದು, ಸೌತೆಕಾಯಿ ತೂಗಿದ ಹಾಗೆ ತೂಗಿ, ಭಾರದ್ದನ್ನು ತಂದರು.

"ಧನಿ, ಇದರ ಮೊಳೆ ಹೆಬ್ಬೆರಳಿನಷ್ಟು ದಪ್ಪ ಉಂಟಲ್ಲ?"

"ದಪ್ಪ ಇದ್ದರೆ ನಿನಗೆ ಎಂಥ ಕಷ್ಟ ಮಾರಾಯ? ಗಟ್ಟಿ ಇರ್ತದೆ."

ಅಂಗಡಿಯವರು ವಾಪಸು ತಗೊಳ್ಳಲಿಲ್ಲ. ಇಡೀ ಬಸ್ಸನ್ನೇ ಗನ್ನಿನ ಅಳತೆಗೆ ಕಟ್ಟಿದೆವು. 'ಉಗುಳಬಾರದು' ಎಂದು ಬರೆದ ಅಂಗೈಯಗಲದ ತಗಡಿಗೂ ನಾಲ್ಕು ಲಾರಿ ಬೋಲ್ಟು. ಅವು ಕೂತ ಮೇಲೆ ಬರಹವೇ ಕಾಣಲಿಲ್ಲ. ಧನಿಗಳು ಎಲೆಯಡಿಕೆ ಜಗಿಯುತ್ತಾ ಬಂದು ನೋಡಿ, "ಗಟ್ಟಿ ಉಂಟು" ಎಂದು ಅಲ್ಲಿಯೇ ಉಗುಳಿದರು.

ಗಂಧ ತಿಂದದ್ದು

ಆಯುಧ ಪೂಜೆಗೆ ಗನ್ನನ್ನು ಒರೆಸಿ ಮಣೆಯ ಮೇಲೆ ಇಟ್ಟೆವು. ಧನಿಗಳ ತಾಯಿ ಹಿಡಿಗೆ ಗಂಧ ಹಚ್ಚಿದರು, ಮೂತಿಗೆ ಹಚ್ಚಿದರು. "ಬಾಯಿ ಇದ್ದ ಮೇಲೆ ಒಳಗೂ ಸ್ವಲ್ಪ ಹೋಗಲಿ" ಎಂದು ಬೆರಳಿನಲ್ಲಿ ತುಂಬಿಸಿದರು. ಮೂರನೇ ದಿನ ಕೈಗೆತ್ತಿಕೊಂಡರೆ ಗಂಧ ಒಣಗಿ ಕಲ್ಲಾಗಿದೆ, ಹಿಡಿ ಅಲ್ಲಾಡುವುದಿಲ್ಲ.

ನಾನು ಚಿಮಿಣಿ ಎಣ್ಣೆಯ ಡಬ್ಬಿ ತಂದೆ.

"ಛೆ ಛೆ! ದೇವರ ಗಂಧಕ್ಕೆ ಚಿಮಿಣಿ ಎಣ್ಣೆಯಾ? ನಿನಗೆ ಬುದ್ಧಿ ಉಂಟಾ?"

"ಮತ್ತೆಂಥ ಹಾಕುವುದು ಅಮ್ಮ?"

"ತೆಂಗಿನೆಣ್ಣೆ. ಬಿಸಿ ಮಾಡಿ."

ನಾಲ್ಕು ದಿನ ಬಿಸಿ ಎಣ್ಣೆ ಹಾಕಿ ತಿಕ್ಕಿದೆವು. ಬಾಣಂತಿಗೂ ಅಷ್ಟು ಉಪಚಾರ ಇಲ್ಲ! ಪಾಸಿಂಗಿನ ದಿನ ಹತ್ತಿರ ಬರ್ತಾ ಉಂಟು, ನನಗೋ ಪಿತ್ತ ನೆತ್ತಿಗೇರಿತ್ತು. ಐದನೇ ದಿನ ಹಿಡಿ ಕಟಕ್ಕೆಂದು ಸಡಿಲವಾಯಿತು. ಅಮ್ಮ ನನ್ನ ಮುಖ ನೋಡಿ ಹೇಳಿದರು: "ಕಂಡೆಯಾ? ಪೂಜೆ ಮಾಡಿದ್ದಕ್ಕೆ ಸರಿಯಾಯಿತು."

ಬದಲಿಸುವ ಮಾತು

ಈ ಎಳೆದಾಟದಲ್ಲಿ ಮೊಳೆಯ ಪಿರಿ ಸವೆದುಹೋಗಿತ್ತು.

"ಹೊಸ ಗನ್ನು ತರುವ ಧನಿ. ಇದು ಯಾವಾಗ ಎಲ್ಲಿ ಕಚ್ಚಿಕೊಂಡು ನಿಲ್ತದೋ ಹೇಳಲಿಕ್ಕಾಗುವುದಿಲ್ಲ."

"ಪೂಜೆ ಆದದ್ದನ್ನು ಬಿಸಾಡ್ತಾರಾ? ಹಲ್ಲು ಹೋಯಿತು ಎಂದು ನೀನು ಬೇರೆ ಅಪ್ಪನನ್ನು ತರ್ತೀಯಾ?"

"ಅಪ್ಪನ ಹತ್ತಿರ ನಾನು ರಿವೆಟ್ಟು ಹೊಡೆಸುವುದಿಲ್ಲ ಧನಿ" ಎಂದುಬಿಟ್ಟೆ. ಆಮೇಲೆ ಅವರು ಎಲ್ಲ ಸುದ್ದಿ ಮಾತಾಡಿದರು, ಗನ್ನಿನದ್ದು ಬಿಟ್ಟು.

ಕಂಬ ಬಿಡದ್ದು

ಪಾಸಿಂಗಿನ ಕೊನೆಯ ದಿನ. ಹತ್ತು ಗಂಟೆಗೆ ಬಸ್ಸು ಪಾಸು ಮಾಡುವ ಬ್ರೇಕ್ ಇನ್ಸ್‌ಪೆಕ್ಟರು ಶೆಡ್ಡಿಗೇ ಬರುವವರು. ಭಾವ ಒಂಬತ್ತಕ್ಕೇ ಬಂದು, ಮದುವೆಗೆ ಬಂದವರ ಹಾಗೆ ಬೆಂಚಿನಲ್ಲಿ ಕೂತಿದ್ದರು. ಉಳಿದಿದ್ದದ್ದು ಒಂದೇ ರಿವೆಟ್ಟು: ಹಿಂದಿನ ಬಾಗಿಲಿನ ಕಂಬಕ್ಕೆ, ಕಂಡಕ್ಟರನ ಗಂಟೆಯ ಹಗ್ಗದ ಕೊಂಡಿಗೆ. ಹಿಡಿ ಒತ್ತಿದೆ, ರಿವೆಟ್ಟು ಕಚ್ಚಿತು. ಮೊಳೆ ತಿರುಗಿಸಿದರೆ ಬರುವುದಿಲ್ಲ! ನಾನು ಎಳೆದೆ, ಹೊಸ ಬಸ್ಸಿಗೆಂದು ಬಂದಿದ್ದ ಡ್ರೈವರ್ ಎಳೆದ. ಬಸ್ಸು ಅಲ್ಲಾಡಿತೇ ಹೊರತು ಗನ್ನು ಅಲ್ಲಾಡಲಿಲ್ಲ. ಗರಗಸ ಹಾಕಿದರೆ ಕಂಬವೇ ಹಾಳು.

"ಮೇಸ್ತ್ರಿ, ಎಂಥಾದರೂ ಮಾಡು ಮಾರಾಯ" ಎಂದರು ಧನಿಗಳು. ಕಣ್ಣಲ್ಲಿ ನೀರು. ಆ ಮನುಷ್ಯನ ಮೇಲೆ ಮೊದಲ ಸಲ ನನಗೆ ಪಾಪ ಅನಿಸಿತು.

ಎರಡೂ ಹಿಡಿಗಳನ್ನು ಒಟ್ಟಿಗೆ ತಂತಿಯಲ್ಲಿ ಬಿಗಿದೆ. ಸೀಟಿಗೆ ಹಾಕಿ ಉಳಿದಿದ್ದ ಕೆಂಪು ರೆಕ್ಸಿನ್ ಸುತ್ತಿ ಹೊಲಿದೆ.

ಇನ್ಸ್‌ಪೆಕ್ಟರು ಘಟ್ಟದ ಮೇಲಿನವರು, ಧಡೂತಿ ಆಳು. ಹಿಂದಿನ ಬಾಗಿಲಿಗೆ ಬಂದವರೇ ನಿಂತರು.

"ಇದೇನ್ರೀ ಇದು?"

ಧನಿಗಳು ನನ್ನ ಬೆನ್ನ ಹಿಂದೆ ಸರಿದರು. ನಾನೇ ಹೇಳಿದೆ: "ಹತ್ತುವವರಿಗೆ ಹಿಡಿ, ಸರ್. ಪ್ರಾಯ ಆದವರಿಗೆ ಸುಲಭ ಆಗ್ತದೆ."

ಅವರು ಅದನ್ನು ಹಿಡಿದು ಇಡೀ ಭಾರ ಹಾಕಿ ಜೋತುಬಿದ್ದರು. ಗನ್ನು ಮಿಸುಕಲಿಲ್ಲ.

"ಭೇಷ್! ಇಂಥ ಗಟ್ಟಿ ಹಿಡಿ ನಾನು ಯಾವ ಬಸ್ಸಿನಲ್ಲೂ ನೋಡಿಲ್ಲ ಕಣ್ರೀ."

ಭಾವ ಬೆಂಚಿನಿಂದ ಎದ್ದರು. ಇನ್ಸ್‌ಪೆಕ್ಟರು ಸಹಿಗೆ ಪೆನ್ನು ತೆಗೆದವರು ತಡೆದರು. "ಅಲ್ರೀ, ಮುಂದಿನ ಬಾಗಿಲಿಗೆ ಎಲ್ಲಿ? ಸಂಜೆ ಐದರೊಳಗೆ ಅಲ್ಲಿಗೂ ಇಂಥದ್ದೇ ಹಾಕಿಸಿ. ಆಮೇಲೆ ಸಹಿ ಮಾಡ್ತೀನಿ." ಭಾವ ಮತ್ತೆ ಕೂತರು.

ಧನಿಗಳು ಸಿಕ್ಕಿದ ಬಸ್ಸು ಹತ್ತಿ ಮಂಗಳೂರಿಗೆ ಓಡಿದರು. ಮೂರು ಗಂಟೆಗೆ ಬಂದು ಒಂದು ಪೊಟ್ಟಣ ನನ್ನ ಕೈಯಲ್ಲಿಟ್ಟರು. ಬಿಚ್ಚಿದರೆ ಹೊಸ ಗನ್ನು! ಎಣ್ಣೆ ಹಚ್ಚಿ ಫಳಫಳ ಹೊಳೆಯುವ ಗನ್ನು, ಈ ಸಲ ನನ್ನ ಚೀಟಿಯ ಅಳತೆಯದ್ದೇ. ಸಂತೋಷದಲ್ಲಿ ಅದರ ಹಿಡಿಯನ್ನು ಎರಡು ಸಲ ಒತ್ತಿ ನೋಡಿದೆ.

"ಎಷ್ಟು ಚಂದ ಉಂಟು ಧನಿ!"

"ಚಂದ ನೋಡಲಿಕ್ಕೆ ಪುರುಸೊತ್ತಿಲ್ಲ. ಮುಂದಿನ ಬಾಗಿಲಿಗೆ ಒಂದು ರಿವೆಟ್ಟು ಹೊಡೆ. ಹೊಡೆದ ಮೇಲೆ ಬಿಚ್ಚಬೇಡ, ಹಾಗೆಯೇ ರೆಕ್ಸಿನ್ ಸುತ್ತು."