ಡಿಗ್ರಿ ಇಲ್ಲದ ಇಂಗ್ಲಿಷ್ ಮೇಡಂ

ಬೇರೆಯವರ ಬಾಳಿನಲ್ಲಿ ನಗೆಪಾಟಲಿನ ಪ್ರಸಂಗ ವರ್ಷಕ್ಕೆ ಒಂದೋ ಎರಡೋ ಇರಬಹುದು. ನನಗೆ ಮಾತ್ರ ಹಾಲು, ಪೇಪರ್ ಬಂದ ಹಾಗೆ ದಿನಾ ಬಾಗಿಲಿಗೇ ಬರುತ್ತವೆ. ಅದರಲ್ಲೂ ಎರಡನೇ ಬಿ.ಎ.ಗೆ ಓದು ಬಿಟ್ಟವಳು ಪರದೇಶಕ್ಕೆ ಹೋಗಿ ಇಂಗ್ಲಿಷ್ ಕಲಿಸಲು ನಿಂತ ಮೇಲೆ ಒಂದು ದಿನವೂ ತಪ್ಪಿಲ್ಲ. ಚಾಮರಾಜಪೇಟೆಯ ನಮ್ಮ ಮನೆಯವರಿಗೆ ಇದೆಲ್ಲ ಕೇಳಿ ಕೇಳಿ ಬಾಯಿಪಾಠ ಆಗಿದೆ. ಆದರೂ ಹೇಳುತ್ತೇನೆ. ಹೇಳಿದಷ್ಟೂ ನನಗೆ ಹೆಮ್ಮೆ ಜಾಸ್ತಿಯೇ ಆಗುತ್ತದೆ.

ಬಿಸಿನೀರಿನ ಇಂಟರ್‌ವ್ಯೂ

ಅಮ್ಮನ ಆಪರೇಷನ್, ಆಸ್ಪತ್ರೆಯ ಓಡಾಟದಲ್ಲಿ ನನ್ನ ಪರೀಕ್ಷೆ ತಪ್ಪಿತು. ಅಮ್ಮ ಹುಷಾರಾದರು, ನಾನು ಮಾತ್ರ ಮತ್ತೆ ಕಾಲೇಜಿನ ಕಡೆ ತಲೆ ಹಾಕಲಿಲ್ಲ. ಉಪ್ಪಾರಪೇಟೆಯ ಒಂದು ಲಾಡ್ಜಿನ ರಿಸೆಪ್ಷನ್‌ನಲ್ಲಿ ಕೂತವಳು ಒಂಬತ್ತು ವರ್ಷ ಅಲ್ಲೇ ಕೂತೆ. ನನ್ನ ಇಂಗ್ಲಿಷೆಲ್ಲ ಆ ಕೌಂಟರಿನ ಹಿಂದೆ ಕಲಿತದ್ದು. ಯಾವ ದೇಶದವರು ಬಂದರೂ ರೂಮು, ಬಿಸಿನೀರು, ಸೊಳ್ಳೆ, ಈ ಮೂರರಲ್ಲೇ ಮಾತು ಮುಗಿಯುತ್ತಿತ್ತು.

ಒಮ್ಮೆ ಕಾಂಬೋಡಿಯಾದ ಹೆಂಗಸೊಬ್ಬರು ಮಂಡಿನೋವಿಗೆ ಚಿಕಿತ್ಸೆ ಪಡೆಯಲು ಬಂದು ನಮ್ಮ ಲಾಡ್ಜಿನಲ್ಲಿ ಹದಿನೈದು ದಿನ ಉಳಿದರು. ತಮ್ಮ ಊರಿನಲ್ಲಿ ಸಣ್ಣದೊಂದು ಇಂಗ್ಲಿಷ್ ಶಾಲೆ ನಡೆಸುವವರು. ಒಂದು ಬೆಳಿಗ್ಗೆ ಅವರು ಸೋಫಾದಲ್ಲಿ ಕೂತಿದ್ದಾಗ ಮೂರನೇ ಮಹಡಿಯ ಗಿರಾಕಿ ಟವೆಲ್ ಸುತ್ತಿಕೊಂಡೇ ಇಳಿದು ಬಂದು, ಬಿಸಿನೀರಿಲ್ಲ ಅಂತ ಇಂಗ್ಲಿಷಿನಲ್ಲಿ ಕೂಗಾಡತೊಡಗಿದ. ನಾನು ಗಡಿಯಾರ ತೋರಿಸಿ, "ಸಾರ್, ಹಾಟ್ ವಾಟರ್ ಅಪ್ ಟು ನೈನ್. ನೌ ನೈನ್ ಟ್ವೆಂಟಿ. ಟೈಮ್ ಗಾನ್, ವಾಟರ್ ಆಲ್ಸೋ ಗಾನ್" ಅಂದೆ. ಆತ ಟವೆಲ್ ಬಿಗಿ ಮಾಡಿಕೊಂಡು ಮೇಲೆ ಹೋದ.

ಆ ಹೆಂಗಸು ಕುಂಟುತ್ತ ಕೌಂಟರಿಗೆ ಬಂದರು. "ನಮ್ಮ ಶಾಲೆಗೆ ಬಂದು ಕಲಿಸ್ತೀರಾ?" ಎಂದು ಕೇಳಿದರು. ನನಗೆ ಡಿಗ್ರಿಯೇ ಇಲ್ಲ ಎಂದು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ.

"ಡಿಗ್ರಿ ಇರುವವರು ನಾಲ್ಕು ಜನ ಇದ್ದಾರೆ. ಅವರು ಮಾತಾಡಿದರೆ ಮಕ್ಕಳು ಸುಮ್ಮನಾಗುತ್ತಾರೆ. ಮೂರು ತಿಂಗಳು ನೋಡೋಣ. ಮಕ್ಕಳು ಬಾಯಿ ಬಿಟ್ಟರೆ ಕೆಲಸ ಖಾಯಂ."

ಹೀಗೆ ಒಂಬತ್ತು ವರ್ಷ ಎಲ್ಲರಿಂದ ಬೈಸಿದ ಬಿಸಿನೀರು ನನಗೊಂದು ನೌಕರಿ ಕೊಡಿಸಿತು.

ಚಟ್ನಿಪುಡಿಯೋ, ವ್ಯಾಕರಣವೋ

ಅಪ್ಪ ಮೂವತ್ತೆರಡು ವರ್ಷ ಹೈಸ್ಕೂಲಿನಲ್ಲಿ ಇಂಗ್ಲಿಷ್ ಪಾಠ ಮಾಡಿ ನಿವೃತ್ತರಾದವರು. ಒಂಬತ್ತನೇ ಕ್ಲಾಸಿನಲ್ಲಿ ಹೆತ್ತ ಮಗಳಿಗೇ ನೂರಕ್ಕೆ ಇಪ್ಪತ್ತೆಂಟು ಕೊಟ್ಟ ಪ್ರಾಮಾಣಿಕರು. ಸುದ್ದಿ ಕೇಳಿದವರೇ ಕನ್ನಡಕ ಏರಿಸಿ ವ್ಯಾಕರಣದ ಪರೀಕ್ಷೆಗೆ ಇಳಿದರು.

"ಜೆರಂಡ್ ಅಂದ್ರೆ ಏನು?"

"ಗೊತ್ತಿಲ್ಲಪ್ಪ."

"ಮಕ್ಕಳು ಕೇಳಿದ್ರೆ ಏನ್ ಮಾಡ್ತೀಯ?"

"ಅಪ್ಪಾ, ಯಾವ ಮಕ್ಕಳು ಅದನ್ನ ಕೇಳ್ತಾರೆ? ಬೆಲ್ ಯಾವಾಗ ಹೊಡೆಯುತ್ತೆ ಅಂತ ಕೇಳ್ತಾರೆ."

ಅಪ್ಪನಿಗೆ ನಗು ಬರಲಿಲ್ಲ. ಹೊರಡುವ ಹಿಂದಿನ ದಿನ ಇಟ್ಟಿಗೆ ದಪ್ಪದ ತಮ್ಮ ವ್ಯಾಕರಣದ ಪುಸ್ತಕಕ್ಕೆ ಬೈಂಡ್ ಹಾಕಿ ತಂದು ಸೂಟ್‌ಕೇಸಿನಲ್ಲಿಟ್ಟರು. ಪಕ್ಕದ ಮನೆಯಿಂದ ತಂದ ತೂಕದ ಮೆಷಿನ್ ಮೇಲೆ ಸೂಟ್‌ಕೇಸ್ ನಿಲ್ಲಿಸಿದರೆ, ಅಗ್ಗದ ವಿಮಾನದ ಟಿಕೆಟ್ಟಿಗೆ ಬಿಡುವ ಏಳು ಕೆ.ಜಿ.ಗಿಂತ ಒಂದು ಕೆ.ಜಿ. ಜಾಸ್ತಿ. ಇದ್ದ ಬಟ್ಟೆಯೇ ನಾಲ್ಕು ಜೊತೆ. ತೆಗೆದರೆ ಪುಸ್ತಕ ತೆಗೆಯಬೇಕು, ಇಲ್ಲ ಅಮ್ಮನ ಚಟ್ನಿಪುಡಿ ತೆಗೆಯಬೇಕು. ಅಮ್ಮ ಅಪ್ಪನನ್ನು ನೋಡಿದರು. ಅಪ್ಪ ಒಂದು ಕೈಲಿ ಪುಸ್ತಕ, ಇನ್ನೊಂದರಲ್ಲಿ ಚಟ್ನಿಪುಡಿಯ ಪೊಟ್ಟಣ ಹಿಡಿದು ತುಂಬಾ ಹೊತ್ತು ನಿಂತರು. ಕೊನೆಗೆ ಪುಸ್ತಕವನ್ನು ಕಪಾಟಿಗೆ ವಾಪಸ್ ಇಟ್ಟರು.

"ಅಲ್ಲಿ ಹೋಗಿ ಪಾಠ ಹೇಳ್ಕೊಡ್ತೀನಿ ಅನ್ನು, ಪರವಾಗಿಲ್ಲ. ಟೀಚರ್ ಅಂತ ಮಾತ್ರ ಹೇಳ್ಕೋಬೇಡ. ಅದಕ್ಕೆ ಡಿಗ್ರಿ ಬೇಕು" ಅಂದರು.

ಆ ಮಾತು ನನಗೆ ಚುಚ್ಚಿತು. ಸುಳ್ಳೇಕೆ ಹೇಳಲಿ, ವಿಮಾನದಲ್ಲಿ ಅತ್ತೆ. ಪಕ್ಕದಲ್ಲಿ ಕೂತವರು ಯಾಕಮ್ಮ ಎಂದು ಕೇಳಿದಾಗ, ಚಟ್ನಿಪುಡಿಯ ಘಾಟು ಅಂದೆ. ಅವರು ಎದ್ದು ಹೋಗಿ ಬೇರೆ ಸೀಟು ಕೇಳಿದರು.

ಗುರು

ಮೊದಲ ದಿನ ಕ್ಲಾಸಿಗೆ ಕಾಲಿಟ್ಟ ಕೂಡಲೇ ಮಕ್ಕಳೆಲ್ಲ ಎದ್ದು ಕೈ ಮುಗಿದು "ನೆಕ್ ಕ್ರು" ಅಂದರು. ಬಯ್ಯುತ್ತಿದ್ದಾರೋ ಹೊಗಳುತ್ತಿದ್ದಾರೋ ತಿಳಿಯದೆ ನಾನೂ ಕೈ ಮುಗಿದೆ. ಅದು ಮೇಡಂ ಅಂತ ಕರೆಯುವ ಮಾತು, ಅದರಲ್ಲಿರುವ 'ಕ್ರು' ನಿಮ್ಮ ಕಡೆಯ 'ಗುರು'ವೇ ಎಂದು ನನ್ನನ್ನು ಕರೆಸಿಕೊಂಡಿದ್ದ ಶಾಲೆಯ ಯಜಮಾನಿ ಆಮೇಲೆ ತಿಳಿಸಿದರು. ನನಗೆ ಮೈಯೆಲ್ಲ ಜುಂ ಅಂದಿತು. ಡಿಗ್ರಿ ಬೇಕು ಅಂದಿದ್ದ ಅಪ್ಪನಿಗೆ ಆವತ್ತೇ ಫೋನ್ ಹಚ್ಚಿದೆ.

"ಅಪ್ಪಾ, ಇಲ್ಲಿ ಎಲ್ಲರೂ ನನ್ನನ್ನ ಗುರು ಅಂತಿದಾರೆ!"

"ಇಲ್ಲಿ ಆಟೋದವನೂ ನನ್ನನ್ನ ಗುರು ಅಂತಾನೆ. ಜಂಬ ಮಾಡ್ಬೇಡ" ಅಂದರು ಅಪ್ಪ.

ಐಡಿ ಪ್ರೂಫ್

ನನಗೆ ಬರುತ್ತಿದ್ದದ್ದು ಲಾಡ್ಜಿನ ಇಂಗ್ಲಿಷು, ಮಕ್ಕಳಿಗೆ ಬಂದದ್ದೂ ಅದೇ. ತಿಂಗಳೊಳಗೆ ನನ್ನ ಕ್ಲಾಸು ಗಲಗಲ ಮಾತಾಡತೊಡಗಿತು. ಒಂದು ದಿನ ಮಗಳನ್ನು ಸೇರಿಸಲು ತಂದೆಯೊಬ್ಬರು ಬಂದರು. ಬಾಗಿಲ ಹತ್ತಿರ ಇದ್ದ ಎಂಟು ವರ್ಷದ ನನ್ನ ಶಿಷ್ಯೆ ನಗುನಗುತ್ತ, "ವೆಲ್ಕಮ್ ಸಾರ್! ಸಿಂಗಲ್ ಆರ್ ಡಬಲ್?" ಅಂದಳು. ಆತ ತಬ್ಬಿಬ್ಬಾಗಿ ಮಗಳನ್ನು ತೋರಿಸಿದರು. "ಓಕೆ, ಡಬಲ್. ಐಡಿ ಪ್ರೂಫ್ ಪ್ಲೀಸ್."

ಆತ ಜೇಬಿನಿಂದ ಕಾರ್ಡು ತೆಗೆದು ಕೊಟ್ಟರು. ಹುಡುಗಿ ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, "ಚೆಕ್ ಔಟ್ ಟ್ವೆಲ್ವ್ ಓ ಕ್ಲಾಕ್" ಅಂದಳು.

ಯಜಮಾನಿ ನನ್ನನ್ನು ಕರೆಸಿದರು. ಗಂಟುಮೂಟೆ ಕಟ್ಟಬೇಕೇನೋ ಅಂದುಕೊಂಡೇ ಹೋದೆ. ಅವರು ಕಣ್ಣೀರು ಬರುವ ಹಾಗೆ ನಗುತ್ತಿದ್ದರು. ಆ ತಂದೆ, ಮಗಳನ್ನು ಸೇರಿಸಿದರೆ ಇದೇ ಕ್ಲಾಸಿಗೆ ಸೇರಿಸುತ್ತೇನೆ, ತನಗೂ ಒಂದು ಸೀಟು ಇದೆಯೇ ಎಂದು ಕೇಳಿದ್ದರಂತೆ.

ಬಾಲ ನುಂಗುವ ವಿದ್ಯೆ

ಮೂರು ತಿಂಗಳು ಮುಗಿಯುತ್ತ ಬಂದಾಗ ನನ್ನ ಮೇಲೆ ದೂರು ಹೋಯಿತು. ಕೊಟ್ಟವನು ಇಂಗ್ಲಿಷೇ ಮನೆಮಾತಾದ ದೇಶದವನು, ದೊಡ್ಡ ಡಿಗ್ರಿ ಇದ್ದವನು, ಪಕ್ಕದ ಕ್ಲಾಸಿನ ಮಾಸ್ತರು. "ಈಕೆ ಬಸ್ಸು, ರೈಸು, ಹೌಸು ಅನ್ನುತ್ತಾಳೆ. ಪ್ರತಿ ಪದಕ್ಕೂ ಒಂದು ಬಾಲ ಇದೆ" ಅಂದನಂತೆ. ಸುಳ್ಳೇನಲ್ಲ. ಮನೆಗೆ ಬಂದವರಿಗೆ ಒಂದು ಲೋಟ ನೀರು ಕೊಡುವ ಹಾಗೆ, ಬಂದ ಇಂಗ್ಲಿಷ್ ಪದಕ್ಕೆಲ್ಲ ಕೊನೆಯಲ್ಲಿ ಒಂದು 'ಉ' ಕೊಟ್ಟೇ ಕಳಿಸುವವರು ನಾವು.

ಯಜಮಾನಿ ನನ್ನ ಕ್ಲಾಸಿನ ಕೊನೆಯ ಬೆಂಚಿನಲ್ಲಿ ಬಂದು ಕೂತರು. ಆ ಮಾಸ್ತರು ಬಾಗಿಲಲ್ಲಿ ಕೈ ಕಟ್ಟಿಕೊಂಡು ನಿಂತ. ಆ ಊರಿನ ಮಕ್ಕಳದು ನಮಗೆ ತಿರುಗಾಮುರುಗಾ. ಪದದ ಕೊನೆಯನ್ನೇ ತಿಂದುಬಿಡುತ್ತಾರೆ. ರೈಸ್ ಅನ್ನಲು ಹೇಳಿದರೆ "ರೈ", ಹೌಸ್ ಅನ್ನಲು ಹೇಳಿದರೆ "ಹೌ". ದೊಡ್ಡ ಡಿಗ್ರಿಯ ಮಾಸ್ತರು ವರ್ಷಗಟ್ಟಲೆ ಹೇಳಿಕೊಟ್ಟರೂ ಆ 'ಸ್' ಹೊರಗೆ ಬಂದಿರಲಿಲ್ಲ.

"ರೈಸು" ಅಂದೆ. "ರೈಸು!" ಅಂದರು ಮಕ್ಕಳು, ಒಂದೇ ಉಸಿರಿಗೆ. 'ಉ' ಕೈ ಹಿಡಿದದ್ದೇ ತಡ, ನಾಚಿಕೊಂಡು ಒಳಗೇ ಕೂತಿದ್ದ 'ಸ್' ಹೊರಗೆ ಬಂದಿತ್ತು. "ಈಗ ಕೊನೆಯದನ್ನು ನುಂಗಿ" ಅಂದು ಗುಳಿಗೆ ನುಂಗುವ ಹಾಗೆ ಗುಟುಕ್ ಎಂದು ತೋರಿಸಿದೆ. ಮಕ್ಕಳು ಕತ್ತು ಉದ್ದ ಮಾಡಿ ನುಂಗಿದರು. "ರೈಸ್!" ಆಮೇಲೆ "ಹೌಸು", ಗುಟುಕ್, "ಹೌಸ್!" ಇಡೀ ಕ್ಲಾಸು ಅರ್ಧ ಗಂಟೆ 'ಉ' ನುಂಗಿತು. ಯಜಮಾನಿ ಎದ್ದು ಬಂದು ಎಲ್ಲರ ಎದುರಿಗೇ ನನ್ನ ಕೈ ಹಿಡಿದು, ಕೆಲಸ ಖಾಯಂ ಅಂದರು.

ಮುಂದಿನ ವಾರ ಪಕ್ಕದ ಕ್ಲಾಸಿನಿಂದ ಒಂದು ಗಂಡು ಧ್ವನಿ ಕೇಳಿಸಿತು: "ಬಸ್ಸು! ರೈಸು! ಹೌಸು!" ಇಣುಕಿ ನೋಡಿದರೆ ಅದೇ ಮಾಸ್ತರು. ಕೈಯಲ್ಲಿ ದೊಡ್ಡ ಡಿಗ್ರಿ, ಬಾಯಲ್ಲಿ ಅಪ್ಪಟ ಚಾಮರಾಜಪೇಟೆ.

ಗೇಟಿನ ಬೋರ್ಡು

ವರ್ಷ ಕಳೆದು ರಜೆಗೆ ಬಂದೆ. ನಮ್ಮ ಮನೆಯ ಗೇಟಿಗೆ ಹಳೆಯದೊಂದು ಬೋರ್ಡಿದೆ. ಅಪ್ಪನ ಹೆಸರು, ಬಿ.ಎ., ಬಿ.ಎಡ್. ಅದರ ಕೆಳಗೆ ಅಣ್ಣ, ಬಿ.ಇ. ಅದರ ಕೆಳಗೆ ಅತ್ತಿಗೆ, ಎಂ.ಕಾಂ. ಡಿಗ್ರಿ ಮುಗಿಸದೆ ಯಾರೂ ಆ ಬೋರ್ಡು ಹತ್ತುವಂತಿಲ್ಲ ಎನ್ನುವುದು ಅಪ್ಪನ ಕಟ್ಟಳೆ. ಈ ಮನೆಯಲ್ಲೇ ಹುಟ್ಟಿದ ನಾನು ಅದರಲ್ಲಿಲ್ಲ, ಮದುವೆಯಾಗಿ ಬಂದ ಅತ್ತಿಗೆ ಮೊದಲ ವಾರವೇ ಹತ್ತಿದರು.

ಈ ಸಲ ಆಟೋ ಇಳಿದು ನೋಡಿದರೆ ಬೋರ್ಡಿನ ಕೊನೆಯಲ್ಲಿ ಹಸಿ ಬಣ್ಣದಲ್ಲಿ ನನ್ನ ಹೆಸರು! ಹೆಸರಾದ ಮೇಲೆ ಒಂದು ಕಾಮಾ. ಡಿಗ್ರಿ ಬರೆಯುವ ಜಾಗದಲ್ಲಿ 'ಕಾಂಬೋಡಿಯಾ'.

ನಾನು ಬ್ಯಾಗು ಹಿಡಿದು ಅಲ್ಲೇ ನಿಂತಿದ್ದೆ. ಅಷ್ಟರಲ್ಲಿ ಹಿಂದಿನ ಬೀದಿಗೆ ಹೊಸದಾಗಿ ಬಂದಿದ್ದ ಒಬ್ಬಾಕೆ ಮಗಳನ್ನು ಯಾವ ಕಾಲೇಜಿಗೆ ಸೇರಿಸಬೇಕೆಂದು ಅಪ್ಪನನ್ನು ಕೇಳಲು ಬಂದರು. ಅಪ್ಪ ಗೇಟಿಗೆ ಬಂದರು. ಆಕೆ ಬೋರ್ಡು ಓದುತ್ತ ಓದುತ್ತ ಕೊನೆಯ ಸಾಲಿಗೆ ಬಂದು ನಿಂತರು.

"ಸಾರ್, ಬಿ.ಇ. ಗೊತ್ತು, ಎಂ.ಕಾಂ. ಗೊತ್ತು. ಈ ಕಾಂಬೋಡಿಯಾ ಎಷ್ಟು ವರ್ಷದ ಕೋರ್ಸು?"

ವ್ಯಾಕರಣದ ಒಂದು ತಪ್ಪನ್ನೂ ಬಿಡದ ಮನುಷ್ಯ, ಇದೇನೂ ಡಿಗ್ರಿಯಲ್ಲಮ್ಮ ಅಂತಾರೆ ಅಂದುಕೊಂಡೆ. ಅಪ್ಪ ನನ್ನ ಕಡೆ ನೋಡಿದರು. ಕನ್ನಡಕ ತೆಗೆದು ಪಂಚೆಯಂಚಿನಲ್ಲಿ ಒರೆಸಿದರು. ಕಣ್ಣನ್ನೂ ಒರೆಸಿಕೊಂಡರು, ನಾನು ನೋಡಿದ್ದೇನೆ.

"ಒಂದು ವರ್ಷದ್ದು. ಇವಳು ನನ್ ಮಗಳು, ಈಗ ಮುಗಿಸ್ಕೊಂಡ್ ಬರ್ತಿದಾಳೆ. ಟೀಚರ್" ಅಂದರು.

"ಹಾಗಿದ್ರೆ ನನ್ ಮಗಳ್ನೂ ಅದಕ್ಕೇ ಸೇರಿಸ್ಬೋದಾ ಸಾರ್?"

"ತುಂಬಾ ಕಷ್ಟ ಕಣಮ್ಮ" ಅಂದರು ಅಪ್ಪ ಗಂಭೀರವಾಗಿ. "ಅದಕ್ಕೆ ಎಲ್ರಿಗೂ ಸೀಟ್ ಸಿಗಲ್ಲ. ಮೂವತ್ತೆರಡು ವರ್ಷ ಸರ್ವಿಸ್ ಮಾಡಿದೀನಿ, ನನಗೇ ಸಿಗ್ಲಿಲ್ಲ."