ಜೂಜಿನ ಪರೀಕ್ಷೆಯಲ್ಲಿ ನಾನು ಫಸ್ಟ್ ಕ್ಲಾಸ್ ಬಂದದ್ದು

ಮಳೆ ನನಗೆ ಕೈ ಕೊಟ್ಟಿದೆ, ಕರೆಂಟು ಕೈ ಕೊಟ್ಟಿದೆ, ಆದರೆ ನಗೆಪಾಟಲಾಗುವ ಯೋಗ ಮಾತ್ರ ಒಂದು ವರ್ಷವೂ ಕೈ ಕೊಟ್ಟಿಲ್ಲ.

ನಮ್ಮೂರು ಚನ್ನಪಟ್ಟಣದಿಂದ ಒಸಿ ಆಚೆಗೆ. ರೇಷ್ಮೆಗೆ ಚಿನ್ನದ ಕಾಲ ಬಂದಿದ್ದ ವರ್ಷಗಳವು. ರಾಗಿ ಹೊಲ ಉತ್ತು ಹಿಪ್ಪುನೇರಳೆ ನೆಟ್ಟವರೇ ಎಲ್ಲ. ಯಾರ ಮನೆಗೆ ಹೋದರೂ ನಡುಮನೆಯಲ್ಲಿ ಹುಳ, ಜಗಲಿಯಲ್ಲಿ ಜನ. ನನ್ನ ಹುಳಗಳ ವಿಷಯ ಹೇಳಿದರೆ ನೀವು ನಂಬುವುದಿಲ್ಲ, ಆದರೂ ಹೇಳುತ್ತೇನೆ. ಅವು ಸೊಪ್ಪು ತಿನ್ನುವ ಸದ್ದಿಗೆ ಮಳೆ ಬಂತೆಂದು ಪಕ್ಕದ ಮನೆಯವಳು ಅಂಗಳದಲ್ಲಿ ಒಣಗಿಸಿದ್ದ ರಾಗಿಯನ್ನು ಒಂದೇ ದಿನ ಮೂರು ಸಲ ಒಳಗೆ ಹೊತ್ತಿದ್ದಳು. ಅಂಥ ಹುಳ ಸಾಕಿದವನು ನಾನು. ಸಾಕಿದ್ದು ತಾನು ಅಂತ ನನ್ನ ಹೆಂಡತಿ ಹೇಳುತ್ತಾಳೆ. ಇರಲಿ.

ನನಗಿದ್ದ ಒಂದೇ ದೋಷ ಇಸ್ಪೀಟು. ರಾಮನಗರದ ರೇಷ್ಮೆ ಗೂಡಿನ ಮಾರ್ಕೆಟ್ಟಿಗೆ ಹೋಗಲು ಬಸ್ಸಿಳಿದರೆ ಸ್ಟಾಪಿನ ಎದುರಿಗೇ ಒಂದು ಇಸ್ಪೀಟಿನ ಮನೆ. ಗೂಡು ಮಾರಿದ ದುಡ್ಡು ಅಲ್ಲೇ ಉಳಿದುಬಿಡುತ್ತಿತ್ತು, ಊರಿಗೆ ನಾನೊಬ್ಬನೇ ಬರುತ್ತಿದ್ದೆ. ಕೊನೆಗೆ ಹೆಂಡತಿ ಸೆರಗು ಬಿಗಿದು ತಾನೇ ಮೂಟೆ ತೆಗೆದುಕೊಂಡು ಹೊರಟಳು. ಗಂಡಸರೇ ತುಂಬಿದ್ದ ಮಾರ್ಕೆಟ್ಟಿಗೆ ಹೆಂಗಸು ಹೋಗುವುದು, ಗಂಡಸಾದ ನಾನು ಜಗಲಿಯಲ್ಲಿ ಸೊಪ್ಪು ಹೆಚ್ಚುವುದು! ಟೀ ಅಂಗಡಿಗೆ ಹೋದರೆ, "ಏನ್ಲಾ, ಯಜಮಾನ್ತಿ ಮಾರ್ಕೆಟ್ಟಿಗೆ ಹೋದ್ಳಾ? ಮುದ್ದೆಗೆ ಎಸರಿಟ್ಬುಟ್ಟು ಬಂದ್ಯಾ?" ಅಂತ ಕೇಳುವರು. ಗೂಡಿನ ಮೂಟೆ ತಿರುಗಿ ನನ್ನ ಕೈಗೆ ಬರಬೇಕು, ಆಗ ನನಗೆ ಬೇಕಿದ್ದುದು ಅದೊಂದೇ. ಅದಕ್ಕೆ ದಾರಿ ಮಾಡಿಕೊಟ್ಟವರು ಬೆಂಗಳೂರಿನಿಂದ ಬಂದ ಒಬ್ಬ ಮೇಡಂ. ಅವರ ಹೊಟ್ಟೆ ತಣ್ಣಗಿರಲಿ.

೧. ಕಿಟಕಿ ಹಾರದ ವೀರ

ಒಂದು ದಿನ ಹುಳದ ತಟ್ಟೆಗೆ ಹಾಸಲು ಹಳೇ ಪೇಪರ್ ತರುತ್ತೇನೆ ಅಂತ ಮನೆಯಲ್ಲಿ ಹೇಳಿ ರಾಮನಗರಕ್ಕೆ ಹೋಗಿ ಇಸ್ಪೀಟಿನ ಮನೆಯಲ್ಲಿ ಕುಂತಿದ್ದೆ. ಬಾಗಿಲು ತಟ್ಟಿದ ಸದ್ದಾಯಿತು. ಕೈಯಲ್ಲಿ ಪುಸ್ತಕ, ಹೆಗಲಲ್ಲಿ ಚೀಲ, ಕನ್ನಡಕ ಹಾಕಿದ ಒಬ್ಬ ಹೆಣ್ಣುಮಗಳು ನಿಂತಿದ್ದಳು. "ಪೋಲೀಸ್ನೋರು ಕಣ್ಲಾ!" ಅಂತ ಯಾರೋ ಕೂಗಿದ. ಹದಿನೆಂಟು ಜನ ಒಂದೇ ಕಿಟಕಿಯಲ್ಲಿ ಹಾರಿದರು. ಆ ಕಿಟಕಿಯಲ್ಲಿ ಬೆಕ್ಕು ನುಗ್ಗುವುದೂ ಕಷ್ಟ, ಬೇಕಾದರೆ ಹೋಗಿ ನೋಡಿ.

ನಾನೊಬ್ಬನೇ ಕುಂತಲ್ಲೇ ಕುಂತಿದ್ದೆ.

"ಹೆದರಬೇಡಿ ಯಜಮಾನ್ರೇ. ನಾನು ಪೊಲೀಸ್ ಅಲ್ಲ. ಜೂಜು ಆಡೋರ ಬಗ್ಗೆ ಸಂಶೋಧನೆ ಮಾಡ್ತಿದ್ದೀನಿ. ಯಾಕೆ ಶುರುವಾಗುತ್ತೆ, ಮನೆಯವರಿಗೆ ಏನು ತೊಂದರೆ ಆಗುತ್ತೆ ಅಂತ ತಿಳ್ಕೋಬೇಕು. ನಿಮ್ಮ ಹೆಸರು ಎಲ್ಲೂ ಬರಲ್ಲ," ಅಂದರು ಮೇಡಂ.

"ಹೆದರೋ ಜಾತಿ ನಂದಲ್ಲ ಕಣವ್ವ," ಅಂದೆ.

ಅವರಿಗೆ ಬಹಳ ಮೆಚ್ಚುಗೆಯಾಯಿತು. ಇಷ್ಟು ಜನರಲ್ಲಿ ನೀವೊಬ್ಬರೇ ಧೈರ್ಯವಾಗಿ ಮಾತಾಡಲು ಉಳಿದಿರಿ, ನಿಮ್ಮಂಥವರೇ ನಮಗೆ ಬೇಕು ಅಂದರು. ಹಾಗೆ ನಾನು ಸಂಶೋಧನೆಗೆ ಸೇರಿದೆ. ಬೆಳಗಿನಿಂದ ಚಕ್ಕಳಮಕ್ಕಳ ಹಾಕಿ ಕುಂತು ನನ್ನ ಎರಡೂ ಕಾಲು ಜೋಮು ಹಿಡಿದಿದ್ದನ್ನು ಅವರಿಗೆ ನಾನು ಹೇಳಲೂ ಇಲ್ಲ, ಅವರು ಕೇಳಲೂ ಇಲ್ಲ.

೨. ಇಪ್ಪತ್ತಕ್ಕೆ ಹತ್ತೊಂಬತ್ತು

ಮುಂದಿನ ವಾರ ಮೇಡಂ ನಮ್ಮೂರಿಗೇ ಬಂದರು. ನಾನು ಆ ಕಾಲಕ್ಕೆ ಇಸ್ಕೂಲಿನ ಒಳಗೆ ಕಾಲಿಟ್ಟಿದ್ದು ಗೋಡೆಗೆ ಸುಣ್ಣ ಹೊಡೆಯಲು ಮಾತ್ರ. ಅಕ್ಷರ ಕಲಿತದ್ದೆಲ್ಲ ಮುದಿಯಾದ ಮೇಲೆ. ಅದಕ್ಕೇ ಇಪ್ಪತ್ತು ಪ್ರಶ್ನೆಗಳನ್ನೂ ಅವರೇ ಓದಿ, ಉತ್ತರ ಅವರೇ ಬರೆದುಕೊಂಡರು. ಸೋತದ್ದನ್ನು ವಾಪಸ್ ಗೆಲ್ಲಲು ಮಾರನೇ ದಿನವೂ ಹೋಗಿದ್ದೀರಾ? ಹೋಗಿದ್ದೀನಿ. ಮನೆಯಲ್ಲಿ ಸುಳ್ಳು ಹೇಳಿದ್ದೀರಾ? ಅದಕ್ಕೆ ನನ್ನ ಬಿಟ್ಟರೆ ಇಲ್ಲ, ದೊಡ್ಡಆಲಹಳ್ಳಿವರೆಗೂ ಕೇಳಿ ನೋಡಿ.

"ನಿಮ್ಮ ಆಟದಿಂದ ಮನೆಯಲ್ಲಿ ಯಾರಾದರೂ ಉಪವಾಸ ಇದ್ದದ್ದುಂಟಾ?"

"ಛೇ ಛೇ, ಉಂಟೇ!" ಅಂದೆ.

ಒಳಗೆ ತಟ್ಟೆ ಬದಲಾಯಿಸುತ್ತಿದ್ದ ಹೆಂಡತಿ ಅಲ್ಲಿಂದಲೇ, "ಹುಳ ಉಪಾಸ ಬಿದ್ದಿದ್ದು ಬರ್ಕಳ್ಳಿ ಮೇಡಮ್ಮೋರೆ," ಅಂದಳು.

ನಿಜ. ನಾಲ್ಕನೇ ಜ್ವರ ಎದ್ದ, ಅಂದರೆ ನಾಲ್ಕನೇ ಸಲ ಪೊರೆ ಕಳಚಿದ ಹುಳಕ್ಕೆ ಹೊತ್ತುಹೊತ್ತಿಗೂ ಸೊಪ್ಪು ಬೇಕು. ಅಂಥ ದಿನ ನಾನು ಸೊಪ್ಪಿನ ಹೊರೆಯನ್ನೇ ಬಾಜಿಗಿಟ್ಟು ಸೋತು ಬರಿಗೈಯಲ್ಲಿ ಬಂದಿದ್ದೆ. ಹುಳಗಳು ತಟ್ಟೆಯಂಚಿನಲ್ಲಿ ತಲೆ ಎತ್ತಿ ಎತ್ತಿ ನನ್ನನ್ನೇ ನೋಡಿದ್ದವು.

"ಹುಳ ಮನೆಯವರ ಲೆಕ್ಕಕ್ಕೆ ಬರಲ್ಲಮ್ಮ," ಅಂದರು ಮೇಡಂ.

"ಈ ಮನೇಲಿ ಅನ್ನ ಹಾಕ್ತಿರೋರು ಅವೇ ಕಣವ್ವ. ಬರ್ಕಳ್ಳಿ."

ಮೇಡಂ ಬರೆದುಕೊಂಡರು. ಕೊನೆಗೆ ಎಲ್ಲ ಕೂಡಿ, "ಹತ್ತೊಂಬತ್ತು ಬಂದಿದೆ," ಅಂದರು.

"ಎಷ್ಟಕ್ಕೆ?"

"ಇಪ್ಪತ್ತಕ್ಕೆ."

ನಾನು ಎದ್ದು ನಿಂತುಬಿಟ್ಟೆ. ಮಾಗಡಿಯಿಂದ ಕನಕಪುರದವರೆಗೆ ಯಾರಿಗಾದರೂ ಇಷ್ಟು ಬಂದಿದೆಯೇ ಅಂತ ಕೇಳಿದೆ. ಇದುವರೆಗೆ ಇಲ್ಲ ಅಂದರು. ಜೀವಮಾನದಲ್ಲಿ ಬರೆದ ಒಂದೇ ಪರೀಕ್ಷೆ, ಅದರಲ್ಲಿ ಮೊದಲನೇ ರ‍್ಯಾಂಕು! ಅಂಗಡಿಗೆ ಓಡಿ ಬತ್ತಾಸು ತಂದು ಮೇಡಂ ಕೈಗೇ ಮೊದಲು ಹಾಕಿದೆ. ಆಮೇಲೆ ಆ ಹೋದ ಒಂದು ಮಾರ್ಕಿನ ಚಿಂತೆ ಹತ್ತಿತು.

"ಅದ್ಯಾವ್ದು ಮೇಡಮ್ಮೋರೆ, ತಪ್ಪಾಗಿದ್ದು?"

"ಜೂಜು ನಿಮ್ಮ ಕೈ ಮೀರಿ ಹೋಗಿದೆ ಅಂತ ನಿಮಗೆ ಅನ್ನಿಸಿದೆಯಾ ಅಂತ ಕೇಳಿದ್ದೆ. ಇಲ್ಲ ಅಂದ್ರಿ."

"ಹೌದು ಅಂದಿದ್ರೆ ಮಾರ್ಕು ಬತ್ತಿತ್ತಾ?"

"ಬರ್ತಿತ್ತು."

"ಹಂಗಾರೆ ಹೌದು ಅಂತ್ಲೇ ಬರ್ಕಳ್ಳಿ. ಕೈ ಮೀರೈತೆ."

ಮೇಡಂ ಬರೆಯದೆ ಪೆನ್ನು ಹಿಡಿದು ನನ್ನ ಮುಖ ನೋಡಿದರು. ಆಡಿದ ಮಾತು ನನ್ನ ಕಿವಿಗೇ ಬಿದ್ದು ನಾನು ಮೆಲ್ಲಗೆ ಕುಂತುಕೊಂಡೆ. ಮಾರ್ಕು ಜಾಸ್ತಿ ಬಂದಷ್ಟೂ ಕಾಯಿಲೆ ಜಾಸ್ತಿ ಅಂತ ಅವರು ಆಗ ಬಿಡಿಸಿ ಹೇಳಿದರು. ಹೆಂಡತಿ ಸೊಪ್ಪು ಹಿಡಿದ ಕೈಯಲ್ಲೇ ಬಾಗಿಲಿಗೆ ಬಂದಿದ್ದಳು.

"ಇಷ್ಟು ವರ್ಸ ಅತ್ತು ಕರೆದು ಕೇಳಿದ್ರೂ ಬಾಯಿ ಬುಡದಿದ್ದ ಮಾತ ಒಂದು ಮಾರ್ಕಿಗೆ ಹೇಳ್ಬುಟ್ರಲ್ಲ! ಮೊದ್ಲೇ ಗೊತ್ತಿದ್ರೆ ದಿನಾ ನಾನೇ ಹತ್ತು ಮಾರ್ಕು ಕೊಡ್ತಿದ್ದೆ," ಅಂದು ಒಂದು ಬತ್ತಾಸು ಬಾಯಿಗೆ ಹಾಕಿಕೊಂಡು ಒಳಗೆ ಹೋದಳು.

೩. ಹಸಿರು ಮಣಿ, ಕೆಂಪು ಮಣಿ

ದಿನವೂ ಡೈರಿ ಬರೆಯಬೇಕು ಅಂದರು ಮೇಡಂ. ನಮಗೆ ಬರೆಯಲು ಬರುತ್ತಿರಲಿಲ್ಲ. ನಮಗೆ ಅಂದರೆ ಮೂವರಿಗೆ. ನಾನು, ಗುಡೇಮಾರನಹಳ್ಳಿ ಕಡೆಯ ಒಬ್ಬ ಕುರಿಗಾರ, ದೊಡ್ಡಆಲಹಳ್ಳಿಯ ಒಬ್ಬ ರೈತ. ಮೂವರೂ ಅದೇ ಇಸ್ಪೀಟಿನ ಮನೆಯ ಗಿರಾಕಿಗಳು. ಮೇಡಂ ಯೋಚನೆ ಮಾಡಿ ಚನ್ನಪಟ್ಟಣದ ಗೊಂಬೆ ಮಾಡುವವರ ಹತ್ತಿರ ಅರಗು ಬಣ್ಣದ ಮರದ ಮಣಿ ಮಾಡಿಸಿ ತಂದರು. ಆಡಬೇಕು ಅನ್ನಿಸಿಯೂ ಆಡದೆ ಬಂದರೆ ಡಬ್ಬಿಗೆ ಒಂದು ಹಸಿರು ಮಣಿ, ಆಡಿದರೆ ಒಂದು ಕೆಂಪು ಮಣಿ. ವಾರಕ್ಕೊಮ್ಮೆ ರಾಮನಗರದಲ್ಲಿ ಎಣಿಕೆ. ಒಂದೊಂದು ಮಣಿಯೂ ನವಿಲಿನ ಕಣ್ಣಿನ ಹಾಗೆ ಹೊಳೆಯುತ್ತಿತ್ತು. ನಮ್ಮಂಥವರಿಗಾಗಿ ಅಷ್ಟು ಕಷ್ಟಪಟ್ಟವರು ಯಾರಿದ್ದರು ಹೇಳಿ?

ಎರಡನೇ ವಾರಕ್ಕೆ ನನ್ನ ಡಬ್ಬಿಯಲ್ಲಿ ಹನ್ನೊಂದು ಹಸಿರು. ಕುರಿಗಾರನ ಡಬ್ಬಿ ಅಲ್ಲಾಡಿಸಿದರೆ ಸದ್ದೇ ಬರುತ್ತಿರಲಿಲ್ಲ, ಅಷ್ಟು ಕಿಕ್ಕಿರಿದಿತ್ತು.

"ಇಷ್ಟೊಂದು ಹೇಗೆ ಬಂದ್ವು?" ಅಂತ ಮೇಡಂ ಬೆರಗಾದರು.

"ಇಸ್ಪೀಟಿನ ಮನೆ ಬಾಗ್ಲಾಗೇ ಕುಂತಿರ್ತೀನಿ ಕಣವ್ವ. ಒಳೀಕೆ ಹೋಗವಾ ಅಂತ ಏಳೋದು, ಬ್ಯಾಡ ಅಂತ ಕೂರೋದು. ಒಂದೊಂದು ಸಲ ಕುಂತ್ರೂ ಒಂದೊಂದು ಮಣಿ," ಅಂದ ಕುರಿಗಾರ.

"ಯಾಕೆ ಹೀಗೆ?"

ದೊಡ್ಡಆಲಹಳ್ಳಿಯವನು ಗುಟ್ಟು ಬಿಟ್ಟುಕೊಟ್ಟ. ಯಾರ ಡಬ್ಬಿಯಲ್ಲಿ ಹಸಿರು ಜಾಸ್ತಿಯೋ ಅವನಿಗೆ ಕುರಿಗಾರನ ಟಗರು ಮರಿ, ನನ್ನದೊಂದು ಹುಂಜ, ಈ ರೈತನದೊಂದು ಗೊನೆ ಬಾಳೆ ಅಂತ ನಾವು ಮೂವರೂ ಬಾಜಿ ಕಟ್ಟಿದ್ದೆವು.

ಮೇಡಂ ಕನ್ನಡಕ ತೆಗೆದು ಒರೆಸಿದರು. ಆಮೇಲೆ ಮೂವರ ಕೈಯಿಂದಲೂ ಒಂದೊಂದು ಕೆಂಪು ಮಣಿ ಹಾಕಿಸಿದರು. ಬೈಯಲಿಲ್ಲ, ಓಡಿಸಲೂ ಇಲ್ಲ, ಮುಂದಿನ ವಾರ ಬನ್ನಿ ಅಂದರು. ಆ ತಾಳ್ಮೆ ಕಂಡು ನನಗೆ ಕಣ್ಣಲ್ಲಿ ನೀರು ಬಂತು. ಹೊರಗೆ ಬಂದು ನಾಲ್ಕು ಹೆಜ್ಜೆ ನಡೆದಿಲ್ಲ, ಕುರಿಗಾರ ನನ್ನ ಪಕ್ಕೆಗೆ ತಿವಿದ: "ಮುಂದಿನ್ ವಾರ ಮೇಡಮ್ಮೋರು ಬತ್ತಾರೋ ಇಲ್ವೋ? ಏನ್ಲಾ ಬಾಜಿ?"

೪. ಗೂಡಿನ ಮೂಟೆ ಬೆಂಗಳೂರು ನೋಡಿದ್ದು

ಮೇಡಂ ಬಂದರು. ಎಷ್ಟೋ ವಾರ ಬಂದರು. ನನ್ನ ಡಬ್ಬಿಗೆ ಕೆಂಪು ಬೀಳುವುದು ನಿಂತೇಹೋಯಿತು. ಆಗ ಅವರೇ ನನ್ನ ಹೆಂಡತಿಯ ಹತ್ತಿರ, "ಒಂದು ಸಲ ನಂಬಿ ಕಳಿಸಿ ನೋಡಮ್ಮ," ಅಂದರು. ಅವಳು ಮೂರು ದಿನ ಮಾತಾಡಲಿಲ್ಲ. ನಾಲ್ಕನೇ ದಿನ, ಹುಳ ಗೂಡು ಕಟ್ಟುವ ಬಿದಿರಿನ ಚಂದ್ರಿಕೆಯಿಂದ ಗೂಡು ಬಿಡಿಸಿ, ಮೂಟೆ ಕಟ್ಟಿ ನನ್ನ ಮುಂದೆ ಇಟ್ಟಳು.

"ಈ ಸಲ ನೀವೇ ತಗಂಡೋಗಿ," ಅಂದಳು. ಅಷ್ಟೇ.

ಮೂಟೆಗಳನ್ನು ಬಸ್ಸಿನ ಮೇಲೆ ಹಾಕಿಸಿ, ಟೀ ಅಂಗಡಿಯವರಿಗೆಲ್ಲ ಕಾಣುವಂತೆ ಕಿಟಕಿ ಪಕ್ಕ ಕುಂತೆ. ಚನ್ನಪಟ್ಟಣ ದಾಟಿತು. ರಾಮನಗರ ಬಂತು. ಎದುರಿಗೇ ಇಸ್ಪೀಟಿನ ಮನೆ. ಅದರ ಬಾಗಿಲಲ್ಲಿ ನಿಂತವನೊಬ್ಬ ನನ್ನ ಕಂಡು, "ಬಾರಣ್ಣೋ, ಒಂದು ಕೈ ಕಮ್ಮಿ ಐತೆ!" ಅಂತ ಕೂಗಿದ. ಕಾಲು ನೆಲಕ್ಕೆ ತಾಕಿದರೆ ಅದು ಎತ್ತ ನಡೆಯುತ್ತದೆಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು?

"ಗೂಡಿನೋರೆಲ್ಲ ಇಳೀರಿ!" ಅಂದ ಕಂಡಕ್ಟರ್. ಎಲ್ಲ ಇಳಿದರು. "ಯಜಮಾನ್ರೇ, ಮ್ಯಾಲಿರೋ ಮೂಟೆ ನಿಮ್ದೇ ಅಲ್ವಾ?"

"ನಂದೇ."

"ಮತ್ತೆ ಇಳೀರಿ."

"ಇಳಿಯಾಕಿಲ್ಲ. ಬಿಡದಿಗೆ ಟಿಕೆಟ್ ಕೊಡಿ."

"ಬಿಡದೀಲಿ ಗೂಡು ಯಾರು ತಗತ್ತಾರೆ?"

"ಅದು ನಂಗೆ ಬುಡಿ."

ಬಿಡದಿಯಲ್ಲಿ ಇಳಿದು ಹಿಂದಿನಿಂದ ಮಾರ್ಕೆಟ್ಟಿಗೆ ನಡೆದು ಬರುವುದು ನನ್ನ ಉಪಾಯ. ಬಿಡದಿ ಬಂದಾಗ ನೋಡಿದರೆ, ಇಸ್ಪೀಟಿನ ಮನೆ ಇನ್ನೂ ಹತ್ತಿರವೇ ಇದೆ ಅನ್ನಿಸಿತು. ಬೆಂಗಳೂರಿಗೇ ಹೋಗಿಬಿಟ್ಟೆ. ಬಸ್ ಸ್ಟ್ಯಾಂಡಿನಲ್ಲಿ ಮೂಟೆಗಳ ಕಾವಲಿಗೆ ಕುಂತಿದ್ದರೆ ಒಬ್ಬ ಹೆಂಗಸು ಕಡಲೆಕಾಯಿ ಅಂದುಕೊಂಡು ಹುರಿದದ್ದೋ ಹಸಿಯದೋ ಅಂತ ಕೇಳಿದಳು. "ಇದು ತಿನ್ನೋದಲ್ಲ ಕಣವ್ವ, ಉಡೋದು," ಅಂದೆ. ವಾಪಸ್ ಬರುವಾಗ ಬಸ್ಸು ಮತ್ತೆ ರಾಮನಗರದಲ್ಲಿ ನಿಂತಿತು. ಮಾರ್ಕೆಟ್ಟು ಮುಚ್ಚಿತ್ತು, ಇಸ್ಪೀಟಿನ ಮನೆ ತೆರೆದಿತ್ತು. ಕಣ್ಣು ಮುಚ್ಚಿ ಮುಂದಿನ ಸೀಟಿನ ಕಂಬಿ ಹಿಡಿದೆ. ಆ ಕಂಬಿ ಅವತ್ತು ಬಗ್ಗಿದ್ದು ಮತ್ತೆ ನೆಟ್ಟಗಾಗಲೇ ಇಲ್ಲವಂತೆ.

ಹೊತ್ತು ಮುಳುಗುವಾಗ ಮನೆಗೆ ಬಂದೆ. ಹೆಂಡತಿ ಜಗಲಿ ಕಂಬಕ್ಕೆ ಒರಗಿ ನಿಂತಿದ್ದಳು.

"ದುಡ್ಡು?"

"ಇಲ್ಲ."

ಅವಳ ಮುಖ ನೋಡಲಾಗಲಿಲ್ಲ. "ಇಸ್ಪೀಟಿನ ಮನೇಗೆ ಹೋದ್ರಾ?"

"ದೇವ್ರಾಣೆ ಹೋಗ್ನಿಲ್ಲ."

"ಮತ್ತೆ ದುಡ್ಡೆಲ್ಲಿ?"

"ಮಾರ್ಕೆಟ್ಟಿಗೂ ಹೋಗ್ನಿಲ್ಲ."

ಅಷ್ಟರಲ್ಲಿ ಹಿಂದೆ ಎತ್ತಿನ ಗಾಡಿಯಲ್ಲಿ ಮೂಟೆಗಳು ಬಂದವು. ಅವಳು ಒಂದರ ಬಾಯಿ ಬಿಚ್ಚಿ ಕೈ ಹಾಕಿದಳು. ಒಂದು ಗೂಡು ತೆಗೆದು ಕಿವಿಯ ಹತ್ತಿರ ಅಲ್ಲಾಡಿಸಿದಳು. ಮೂಟೆಗಳನ್ನು ಬೆರಳಿಟ್ಟು ಎಣಿಸಿದಳು. ನಾನು ಎಲ್ಲವನ್ನೂ ಹೇಳಿದೆ, ಕಂಡಕ್ಟರ್, ಬಿಡದಿ, ಕಡಲೆಕಾಯಿ ಎಲ್ಲ. ಅವಳು ಸೆರಗನ್ನು ಬಾಯಿಗೆ ತುರುಕಿಕೊಂಡಳು, ಭುಜ ಕುಣಿಯತೊಡಗಿತು. ಅಳುತ್ತಿದ್ದಾಳೋ ನಗುತ್ತಿದ್ದಾಳೋ ತಿಳಿಯದೆ ನಾನು ಚಪ್ಪಲಿಯನ್ನೂ ಬಿಡದೆ ನಿಂತಿದ್ದೆ.

"ಮದ್ವೆ ಆದಾಗಿಂದ ನಿಮ್ ಕೈಲಿ ಕೊಟ್ಟು ಕಳ್ಸಿದ್ದು ಪೂರಾ ಮನೇಗೆ ಬಂದಿರೋದು ಇದೇ ಮೊದಲು," ಅಂದಳು. ಆಮೇಲೆ ಮೂಟೆಯ ಬಾಯಿ ಬಿಗಿದು ಕಟ್ಟಿ, ನನ್ನ ಕಾಲ ಹತ್ತಿರಕ್ಕೆ ತಳ್ಳಿದಳು.

"ನಾಳೀಕೂ ನೀವೇ ತಗಂಡೋಗಿ. ಆದ್ರೆ ನಾಳೀಕೆ ಇಳ್ಕಳ್ಳಿ."