ಸೌತೆಕಾಯಿಗೆ ಡ್ರಿಪ್ಪು

ನನ್ನ ಮೈದುನನಿಗೆ ತಲೆ ಸರಿಯಿಲ್ಲ ಎಂದು ನಾನು ಯಾರಿಗೂ ಹೇಳುವುದಿಲ್ಲ. ಹೇಳುವ ಅಗತ್ಯವೇ ಬೀಳುವುದಿಲ್ಲ! ಚಾಮರಾಜಪೇಟೆಯ ನಮ್ಮ ಮನೆಗೆ ಬಂದವರು ಚಪ್ಪಲಿ ಬಿಟ್ಟು ಒಳಗೆ ಬರುವಷ್ಟರಲ್ಲಿ ತಾವೇ ತಿಳಿದುಕೊಳ್ಳುತ್ತಾರೆ. ನಡುಮನೆಯಲ್ಲಿ ಟೀವಿ ಇರಬೇಕಾದ ಜಾಗದಲ್ಲಿ ಒಂದು ಸಮುದ್ರ ಇದೆ. ಟೀವಿ ಎಲ್ಲಿ? ಅಡುಗೆಮನೆಯ ಫ್ರಿಜ್ಜಿನ ತಲೆಯ ಮೇಲೆ. ಧಾರಾವಾಹಿಯನ್ನು ನಾನು ಗೋಪುರ ನೋಡುವ ಹಾಗೆ ಕತ್ತೆತ್ತಿ ನೋಡಬೇಕು.

ಬ್ಯಾಂಕಿನಲ್ಲಿದ್ದವನು, ಈಗ ರಿಟೈರಾಗಿದ್ದಾನೆ. ಮದುವೆಯಾಗಲಿಲ್ಲ. ಯಾವ ಹುಡುಗಿಯ ಪುಣ್ಯವೋ!

ಗಾಜಿನ ತೊಟ್ಟಿ, ಉಪ್ಪುನೀರು, ಮರಳು, ಕಲ್ಲು, ಪಟ್ಟೆಪಟ್ಟೆ ಮೀನು. ಇಷ್ಟೇ ಆಗಿದ್ದರೆ ಸಹಿಸಿಕೊಳ್ಳುತ್ತಿದ್ದೆ. ಮತ್ತಿಕೆರೆಯಲ್ಲಿ ರೂಮು ಖಾಲಿ ಮಾಡುತ್ತಿದ್ದ ಯಾರೋ ತಮ್ಮ ತೊಟ್ಟಿಯ ಒಂದು ಪ್ರಾಣಿಯನ್ನು ಬೇಡ ಎಂದರಂತೆ. ಬೇಡವಾದದ್ದನ್ನು ಹೊತ್ತು ತರಲು ನಮ್ಮವನಿದ್ದಾನಲ್ಲ! ಸಮುದ್ರ ಸೌತೆ ಎಂದು ಅದರ ಹೆಸರು. ಕಣ್ಣಿಲ್ಲ, ಮುಖವಿಲ್ಲ; ಕಪ್ಪಗೆ, ಗೇಣುದ್ದ, ನೀರಲ್ಲಿ ನೆನೆದ ಕಾಲುಚೀಲದ ಹಾಗಿದೆ. ದಿನವಿಡೀ ಮುಂದಿನಿಂದ ಮರಳು ತಿನ್ನುತ್ತದೆ, ಹಿಂದಿನಿಂದ ಮರಳನ್ನೇ ಬಿಡುತ್ತದೆ. ಇದೂ ಒಂದು ಬಾಳೇ?

ತಂದ ದಿನ ಅದನ್ನು ಬಕೆಟ್ಟಿನಲ್ಲಿಟ್ಟ. ತೊಟ್ಟಿಯ ನೀರನ್ನು ಬಾಟಲಿಗೆ ತುಂಬಿ ಕ್ಯಾಲೆಂಡರ್ ಮೊಳೆಗೆ ತೂಗುಹಾಕಿದ. ಬಾಟಲಿಯಿಂದ ಬಕೆಟ್ಟಿಗೆ ಆಸ್ಪತ್ರೆಯ ಗ್ಲೂಕೋಸ್ ಪೈಪು! ಹನಿ ಹನಿ ನೀರು ಬೀಳುತ್ತಿದೆ.

“ಏನೋ ಇದು? ಸೌತೆಕಾಯಿಗೆ ಡ್ರಿಪ್ಪಾ?”

“ಹೊಸ ನೀರಿಗೆ ನಿಧಾನಕ್ಕೆ ಹೊಂದ್ಕೋಬೇಕು ಅತ್ತಿಗೆ. ಒಂದೇ ಸಲ ಬಿಟ್ರೆ ಶಾಕ್ ಆಗತ್ತೆ.”

“ನಾನು ಮದುವೆಯಾಗಿ ಈ ಮನೆಗೆ ಬಂದಾಗ ನಂಗ್ಯಾರೂ ಹನಿ ಹಾಕ್ಲಿಲ್ವಲ್ಲೋ! ಬಂದ ದಿನವೇ ನಿಮ್ಮಮ್ಮ ರುಬ್ಬುಗುಂಡು ಕೈಗೆ ಕೊಟ್ರು.”

ಅವನು ಕೂತು ಹನಿ ನೋಡುತ್ತಿದ್ದ.

ಅಂದಿನಿಂದ ಮನೆಯಲ್ಲಿ ಹೊಸ ಮಡಿ ಶುರುವಾಯಿತು. ತೊಟ್ಟಿಯ ನೀರನ್ನು ತಿರುಗಿಸುವ ಪಂಪಿನ ಬಾಯಿಗೆ ಸ್ಪಂಜಿನ ಒಂದು ಟೋಪಿ, ಹಸುಗೂಸಿಗೆ ಹಾಕುವ ಕುಲಾವಿಯ ಹಾಗೆ. ಯಾಕೆಂದರೆ ಸೌತೆ ತೆವಳುತ್ತ ಹೋಗಿ ಪಂಪಿಗೆ ಸಿಕ್ಕಿಕೊಂಡರೆ, ಜಜ್ಜಿಹೋದರೆ, ಸತ್ತರೆ ಮೈಯಿಂದ ವಿಷ ಬಿಡುತ್ತದಂತೆ. ಆಮೇಲೆ ತೊಟ್ಟಿಯಲ್ಲಿ ಒಂದು ಮೀನೂ ಉಳಿಯುವುದಿಲ್ಲ.

“ವಿಷದ ಮುದ್ದೆನ ನಡುಮನೇಲಿ ಇಟ್ಕೊಂಡಿದೀಯಲ್ಲೋ!”

“ನಿಮ್ ನಾಲಿಗೆಗಿಂತ ಕಮ್ಮಿ ವಿಷ ಅತ್ತಿಗೆ.”

ಎರಡನೆಯ ಮಡಿ ನನ್ನ ಬಳೆಯದು. ಕೈಗೆಣ್ಣಿನ ನೋವಿಗೆಂದು ನಾನು ತಾಮ್ರದ ಬಳೆ ಹಾಕುತ್ತೇನೆ. ತಾಮ್ರ ನೀರಿಗೆ ಸೇರಿದರೆ ಸೌತೆಗೆ ಆಗುವುದಿಲ್ಲವಂತೆ. ನಾನು ಪೊರಕೆ ಹಿಡಿದು ಆ ಕಡೆ ಬಗ್ಗಿದರೆ ಸಾಕು, “ಅತ್ತಿಗೆ, ಬಳೆ! ಬಳೆ!” ಎಂದು ಕೂಗುತ್ತಾನೆ. ತೆಗೆದಿಡಿ ಎಂದು ಎಷ್ಟು ಗೋಗರೆದರೂ ನಾನು ತೆಗೆಯಲಿಲ್ಲ. ಕಾಲುಚೀಲಕ್ಕಾಗಿ ನಾನು ಕೈ ನೋಯಿಸಿಕೊಳ್ಳಬೇಕೇ?

ನೆಂಟರಿಗೂ ಪಾಠ ತಪ್ಪಿದ್ದಲ್ಲ. ವೈಯಾಲಿಕಾವಲ್‌ನಿಂದ ನನ್ನ ತಂಗಿ ಬಂದಾಗ ಕಾಫಿ ಆರಿ ಕೆನೆಗಟ್ಟುವವರೆಗೆ ಸೌತೆಯ ಗುಣಗಾನ ಮಾಡಿದ. ಅವಳು ಕನ್ನಡಕ ಏರಿಸಿ ಬಗ್ಗಿ ನೋಡಿ, “ಅಲ್ಲ, ಯಾವ್ದೋ ಮಗು ಕಕ್ಕ ಮಾಡಿದ ಹಾಗಿದೆಯಲ್ಲ!” ಎಂದಳು. ಅವನಿಗೆ ಎಲ್ಲಿಲ್ಲದ ಸಿಟ್ಟು ಬಂತು. “ಅದು ಹೊರಗೆ ಹಾಕೋ ಮರಳು ನಿಮ್ಮನೆ ಅಕ್ಕಿಗಿಂತ ಕ್ಲೀನು!” ಅವಳು ಇನ್ನೂ ಮಾತು ಬಿಟ್ಟಿದ್ದಾಳೆ.

ಇಷ್ಟೆಲ್ಲ ಕಾವಲು ಕಾದವನು ಎಡವಿದ್ದೆಲ್ಲಿ ಗೊತ್ತೇ? ಆಯುಧಪೂಜೆಯಲ್ಲಿ!

ನನ್ನ ಯಜಮಾನರಿಗೆ ಅಕ್ಕಿಪೇಟೆಯಲ್ಲಿ ಅಂಗಡಿಯಿತ್ತು. ಅವರಿಲ್ಲ, ಅಂಗಡಿಯೂ ಇಲ್ಲ. ತಕ್ಕಡಿ ಮಾತ್ರ ಮನೆಯಲ್ಲಿದೆ. ವರ್ಷವರ್ಷ ಅದಕ್ಕೆ ವಿಭೂತಿ, ಚೆಂಡುಹೂವು. ಜೊತೆಗೆ ಈಳಿಗೆಮಣೆ, ಮಿಕ್ಸಿ, ಇಸ್ತ್ರಿಪೆಟ್ಟಿಗೆ, ಸ್ಕೂಟರು. ತೊಳೆಯದೆ ಪೂಜೆ ಮಾಡಿದರೆ ಆಯುಧಕ್ಕೆ ಅವಮಾನ ಎಂಬುದು ನನ್ನ ಮೈದುನನ ಸಿದ್ಧಾಂತ. ಈ ಸಲ ಪಂಪಿಗೂ ಪೂಜೆಯಾಗಬೇಕು ಎಂದ. ಹೊರತೆಗೆದು ತೊಳೆದ. ಕುಲಾವಿ ಬಿಚ್ಚಿ ಹಿಂಡಿ ಒಣಹಾಕಿದ. ಒದ್ದೆ ಬಟ್ಟೆಯಲ್ಲಿ ಪೂಜೆ ಮಾಡಿಸಿಕೊಳ್ಳಲು ಪಂಪೇನು ಹರಕೆ ಹೊತ್ತಿದೆಯೇ? ಹೂವಿಟ್ಟು ಮಂಗಳಾರತಿ ಎತ್ತಿದ, ಒರೆಸಿ ಮತ್ತೆ ನೀರಿಗೆ ಬಿಟ್ಟ, ಸ್ಕೂಟರಿಗೆ ಬೂದುಗುಂಬಳ ಒಡೆಯಲು ಬೀದಿಗೆ ಓಡಿದ.

ಮಧ್ಯಾಹ್ನ ನಾನು ಬಟ್ಟೆ ತೆಗೆಯಲು ಹಿತ್ತಿಲಿಗೆ ಹೋದೆ. ನನ್ನ ಸೀರೆಗೂ ಅವನ ಬನಿಯನ್ನಿಗೂ ನಡುವೆ, ಕ್ಲಿಪ್ಪು ಹಾಕಿಕೊಂಡು ಕುಲಾವಿ ನೇತಾಡುತ್ತಿತ್ತು.

“ಲೋ! ಪಂಪು ಬರೀ ತಲೇಲಿದೆಯಲ್ಲೋ!”

ಕಡ್ಲೆಪುರಿ ಹಂಚುತ್ತಿದ್ದವನು ಮೊರ ಬಿಸಾಕಿ ಓಡಿ ಬಂದ. ಸೌತೆ ಗಾಜು ಹತ್ತಿ ಹೋಗಿ ಪಂಪಿನ ಬಾಯಿಗೆ ಒಂದು ತುದಿ ಕೊಟ್ಟುಕೊಂಡು ನೇತಾಡುತ್ತಿತ್ತು. ಸ್ವಿಚ್ಚು ಆರಿಸಿದ. ಆದರೂ ಅದು ಬಿಡಲಿಲ್ಲ. ತೊಟ್ಟಿಗೆ ಕೈ ಹಾಕಹೋದರೆ ಅವನ ಕೈ ಗಡಗಡ ನಡುಗುತ್ತಿದೆ.

“ಅತ್ತಿಗೆ, ನನ್ ಕೈಲಾಗಲ್ಲ. ಎಳೆದ್ರೆ ಹರಿದ್ಹೋಗತ್ತೆ. ಎಲ್ಲಾ ಸತ್ತೋಗ್ತವೆ.”

“ಅಳ್ಬೇಡ, ಜರುಗು.”

ಬಳೆ ಎಳೆದೆ. ಬರಲಿಲ್ಲ. ಅಡುಗೆಮನೆಯ ಕಡೆ ತಿರುಗಿದರೆ, “ಎಣ್ಣೆ ಹಚ್ಬೇಡಿ! ನೀರು ಕೆಡತ್ತೆ!” ಎಂದು ಚೀರಿದ. ಆ ಹೊತ್ತಿನಲ್ಲೂ ಉಪದೇಶ! ಹಾಗೇ ಜಗ್ಗಿದೆ. ಗೆಣ್ಣಿನ ಚರ್ಮ ಸುಲಿದುಕೊಂಡು ಬಂತು. ಬಳೆಯನ್ನು ಕ್ಯಾಲೆಂಡರ್ ಮೊಳೆಗೆ ಸಿಕ್ಕಿಸಿ, ಕೈ ತೊಳೆದು, ಮೊಣಕೈವರೆಗೆ ಮುಳುಗಿಸಿದೆ. ಬಟ್ಟೆಯಿಂದ ಸಂಡಿಗೆ ಬಿಡಿಸುವ ಹಾಗೆ ಅಂಚಿನಿಂದ ಸ್ವಲ್ಪ ಸ್ವಲ್ಪವೇ ಸಡಿಲಿಸಿದೆ. ಥೂ, ಲೋಳೆ! ಕೊನೆಗೆ ಬಿಟ್ಟಿತು. ನೀರೊಳಗೇ ಪಾತ್ರೆಗೆ ಜಾರಿಸಿ, ಅವನು ಸದಾ ಕಲಸಿಟ್ಟಿರುವ ಹೊಸ ಉಪ್ಪುನೀರಿನ ಬಕೆಟ್ಟಿಗೆ ಹಾಕಿದೆ.

ವಿಷ ಬಿಟ್ಟಿದೆಯೋ ಇಲ್ಲವೋ ಮೀನುಗಳೇ ಹೇಳಬೇಕು. ವಿಷ ಹೀರಲೆಂದು ತೊಟ್ಟಿಗೆ ಇದ್ದಿಲಿನ ಚೀಲ ಇಳಿಬಿಟ್ಟ, ನೀರು ಬದಲಿಸಿದ, ಕುಲಾವಿ ತೊಡಿಸಿ ಪಂಪು ಹಾಕಿದ. ಆಮೇಲೆ ಮೀನು ನೋಡುತ್ತ ನಿಂತ. ಹೋಳಿಗೆ ತಣ್ಣಗಾಯಿತು. ಸಂಜೆಯಾದರೂ ಮೀನುಗಳು ಏನೂ ಆಗದವರ ಹಾಗೆ ಓಡಾಡುತ್ತಿದ್ದವು. ಬಕೆಟ್ಟಿನಲ್ಲಿ ಸೌತೆಯೂ ನಿಧಾನಕ್ಕೆ ಮೈ ಮುರಿಯಿತು.

ಇನ್ನು ಅದನ್ನು ತೊಟ್ಟಿಯ ನೀರಿಗೆ ಹೊಂದಿಸಬೇಕು. ಮತ್ತೆ ಡ್ರಿಪ್ಪು! ಮೊಳೆಯಲ್ಲಿ ನನ್ನ ಬಳೆಯಿತ್ತು. ತಾಮ್ರದ ಪಕ್ಕ ಬಾಟಲಿ ತೂಗಲು ಅವನಿಗೆ ಧೈರ್ಯವಿಲ್ಲ. ಬಳೆ ತೆಗೆದುಕೊಳ್ಳಿ ಎಂದು ನನಗೆ ಹೇಳಲೂ ಬಾಯಿಲ್ಲ. ತಾನೇ ಬಾಟಲಿ ಎತ್ತಿ ಹಿಡಿದು ನಿಂತ.

“ಈ ಪೈಪು ಎಲ್ಲಿಂದ ತಂದೆಯೋ?” ಎಂದೆ, ಸುಮ್ಮನಿರಲಾರದೆ.

“ಅಣ್ಣಂಗೆ ಮನೇಲೇ ಹಾಕಿ ಅಂತ ಆಸ್ಪತ್ರೆಯಿಂದ ಕೊಟ್ಟಿದ್ರಲ್ಲ ಅತ್ತಿಗೆ. ಒಂದು ಉಳ್ಕೊಂಡಿತ್ತು. ಪ್ಯಾಕೆಟ್ಟೇ ಒಡೆದಿರ್ಲಿಲ್ಲ.”

ಹನಿಯಿಂದ ಕಣ್ಣು ತೆಗೆಯದೆ ಹೇಳಿದ. ಅವರ ಮಂಚದ ಪಕ್ಕವೂ ಹೀಗೇ ಕೂತು ನೋಡುತ್ತಿದ್ದ.

“ಕೊಡು ಇಲ್ಲಿ,” ಎಂದೆ. “ಕೈ ನಡುಗೋನು ಬಾಟಲಿ ಹಿಡೀತಾನಂತೆ. ಹೋಗಿ ಹೋಳಿಗೆ ತಿನ್ನು.”

“ನಿಮ್ ಕೈ ನೋವು...”

“ಹೋಗೋ ಅಂದ್ರೆ!”

ಹೋದ. ತಟ್ಟೆ ಹಿಡಿದುಕೊಂಡು ವಾಪಸು ಬಂದು ನನ್ನ ಕಾಲ ಬಳಿಯೇ ಕೂತ. ಅವನು ತಿಂದ, ನಾನು ಹಿಡಿದುಕೊಂಡೆ. ಇಬ್ಬರೂ ಹನಿ ನೋಡಿದೆವು.

ಸೌತೆ ಬದುಕಿದೆ. ಈಗಲೂ ನೋಡಲು ಅಸಹ್ಯ. ಬಳೆ ಆ ಮೊಳೆಯಲ್ಲೇ ಇದೆ. ಕೈ ನೋಯುತ್ತದೆ. ನೋಯಲಿ.